ಮಾರ್ಬಲ್ ನೆಲ, ಅಡುಗೆಕಟ್ಟೆ, ದೇವರ ಮಂಟಪ: ಮುಂಬಯಿ ಮನೆಗಳಿಗೆ ಶುಚಿತ್ವದ ಕ್ರಮ

ಮಾಟುಂಗದ ಹಳೆಯ ಕಟ್ಟಡಗಳಿಂದ ಹಿಡಿದು ಡೊಂಬಿವಲಿ, ಮೀರಾ ರೋಡಿನ ಫ್ಲ್ಯಾಟ್‌ಗಳವರೆಗೆ ನಮ್ಮವರು ಕೇಳುತ್ತಲೇ ಇರುವ ಪ್ರಶ್ನೆಯೊಂದಿದೆ: ಮಾರ್ಬಲ್ ಮೇಲಿನ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ಯಾವ ದ್ರಾವಣ ಹಾಕಬೇಕು? ಹೆಚ್ಚಿನ ಸಂದರ್ಭಗಳಲ್ಲಿ ಅದು ಕಲೆಯೇ ಆಗಿರುವುದಿಲ್ಲ. ಹಿಂದೊಮ್ಮೆ ಹಾಕಿದ ಯಾವುದೋ ದ್ರಾವಣವೋ ಚೆಲ್ಲಿದ ಹುಳಿಯೋ ಕಲ್ಲಿನ ಮೈಯನ್ನೇ ತಿಂದು ಬಿಟ್ಟ ಗುರುತು ಅದು. ಅದರ ಮೇಲೆ ಇನ್ನಷ್ಟು ಖಾರವಾದ ದ್ರಾವಣ ಸುರಿದರೆ ಗುರುತು ದೊಡ್ಡದಾಗುತ್ತದೆಯೇ ಹೊರತು ಮಾಯುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಏನು ಹಾಕಬೇಕೆಂಬುದಕ್ಕಿಂತ ಏನು ಹಾಕಬಾರದೆಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಮೊದಲು ಕಲ್ಲು ಯಾವುದೆಂದು ಖಚಿತಪಡಿಸಿಕೊಳ್ಳಿ

ಸುಣ್ಣದ ಕಲ್ಲು ಭೂಮಿಯ ಒಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟಾಗ ಅಮೃತಶಿಲೆ, ಅಂದರೆ ಮಾರ್ಬಲ್, ಆಗುತ್ತದೆ. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಈ ಹುಟ್ಟಿನಿಂದಲೇ ಅದಕ್ಕೆ ಎರಡು ದೌರ್ಬಲ್ಯಗಳು ಬಂದಿವೆ. ಹುಳಿ, ಅಂದರೆ ಆಮ್ಲ, ತಾಗಿದ ಕಡೆ ಅದು ಕರಗುತ್ತದೆ. ಆಮ್ಲ ತೀಕ್ಷ್ಣವಾಗಿದ್ದರೆ ಇಂಗಾಲದ ಡೈಆಕ್ಸೈಡಿನ ಗುಳ್ಳೆ ಏಳುವುದನ್ನು ಕಣ್ಣಾರೆ ಕಾಣಬಹುದು. ಎರಡನೆಯದಾಗಿ, ಅದು ಮೃದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಅಮೃತಶಿಲೆಯ ಕ್ಯಾಲ್ಸೈಟ್ ಖನಿಜಕ್ಕೆ 3, ಮರಳಿನ ಕಣದಲ್ಲಿರುವ ಕ್ವಾರ್ಟ್ಸ್‌ಗೆ 7. ಚಪ್ಪಲಿಗೆ ಅಂಟಿ ಬಂದ ಮರಳು ನೆಲದ ಹೊಳಪನ್ನು ಗೀರಿ ತೆಗೆಯುವುದು ಈ ಕಾರಣಕ್ಕೆ.

ರಾಜಸ್ಥಾನದ ಮಕ್ರಾನಾ, ಗುಜರಾತಿನ ಅಂಬಾಜಿ, ಅಂಗಡಿಯವರು ಇಟಾಲಿಯನ್ ಎಂದು ಮಾರುವ ಆಮದು ಕಲ್ಲು, ಇವೆಲ್ಲ ಈ ನಿಯಮಕ್ಕೆ ಒಳಪಡುತ್ತವೆ. ಮುಂಬಯಿಯ ಹಳೆಯ ಮನೆಗಳಲ್ಲಿ ಕಾಣುವ ಕೋಟಾ ಕಲ್ಲು, ಅಡುಗೆಕಟ್ಟೆಯ ಕಪ್ಪು ಕಡಪ ಕಲ್ಲು, ನಮ್ಮ ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದಿ ಕಲ್ಲು, ಇವು ಮಾರ್ಬಲ್ ಅಲ್ಲದಿದ್ದರೂ ಸುಣ್ಣದ ಕಲ್ಲುಗಳೇ ಆದ್ದರಿಂದ ಕೆಳಗಿನ ಎಚ್ಚರಿಕೆಗಳು ಅವಕ್ಕೂ ಅನ್ವಯಿಸುತ್ತವೆ. ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂರಿಸಿ ಮಾಡಿದ ಮೊಸಾಯಿಕ್ ನೆಲವೂ ಹಾಗೆಯೇ. ಹಸಿರು ಮಾರ್ಬಲ್ ಎಂದು ಮಾರುವ ಕಲ್ಲು ಮಾತ್ರ ಬಹುಮಟ್ಟಿಗೆ ಸರ್ಪೆಂಟೈನ್ ಎಂಬ ಬೇರೆ ಖನಿಜದ್ದು. ಅದು ಹುಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ, ಆದರೆ ನೀರು ಕುಡಿದರೆ ಬಾಗುವ ಸ್ವಭಾವದ್ದು.

ಸಂದೇಹವಿದ್ದರೆ ವಾಷಿಂಗ್ ಮಶೀನಿನ ಅಡಿಯಲ್ಲೋ ಸಿಂಕಿನ ಕೆಳಗೋ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷದ ನಂತರ ಒರೆಸಿ ನೋಡಿ. ಹೊಳಪು ಹೋಗಿ ಆ ಜಾಗ ಮಂಕಾಗಿದ್ದರೆ ಅದು ಸುಣ್ಣದಂಶದ ಕಲ್ಲು. ಈ ಗುರುತು ಅಲ್ಲೇ ಉಳಿಯುತ್ತದೆ, ಹಾಗಾಗಿ ಜಾಗವನ್ನು ಯೋಚಿಸಿ ಆರಿಸಿಕೊಳ್ಳಿ. ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ ಆಗಿದ್ದರೆ ಏನೂ ಆಗುವುದಿಲ್ಲ. ಅಂಥ ಮನೆಯವರಿಗೆ ಈ ಲೇಖನದ ಅಗತ್ಯವೂ ಇಲ್ಲ.

2. ಬೇಕಾದ ಸಾಮಾನು, ಮನೆಯಿಂದ ದೂರವಿಡಬೇಕಾದ ಸಾಮಾನು

ಮೆತ್ತನೆಯ ಹುಲ್ಲಿನ ಕಸಬರಿಗೆ, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆಗಳು, ಎರಡು ಬಕೆಟ್, ತಟಸ್ಥ ಪಿಎಚ್ ಇರುವ ನೆಲ ಒರೆಸುವ ಅಥವಾ ಕಲ್ಲಿಗೆಂದೇ ಇರುವ ದ್ರವಸಾಬೂನು, ಅಡುಗೆಸೋಡ, ಪರಿಮಳವಿಲ್ಲದ ಟಾಲ್ಕ್ ಪುಡಿ, ಮೆಡಿಕಲ್ ಅಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ರಬ್ಬರ್ ಕೈಗವಸು, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು. ಇಷ್ಟು ಸಾಕು. ಪಿಎಚ್ ಎಂದರೆ ಹುಳಿ ಮತ್ತು ಕ್ಷಾರವನ್ನು ಅಳೆಯುವ 0ರಿಂದ 14ರವರೆಗಿನ ಲೆಕ್ಕ. 7 ತಟಸ್ಥ, ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಬಾಟಲಿಯ ಮೇಲೆ "ಪಿಎಚ್ ನ್ಯೂಟ್ರಲ್" ಎಂದು ಬರೆದಿರುವುದನ್ನೇ ಕೊಳ್ಳಿ.

ಮಾರ್ಬಲ್ ಹತ್ತಿರ ಸುಳಿಯಬಾರದ ವಸ್ತುಗಳ ಪಟ್ಟಿ ಉದ್ದವಿದೆ. ವಿನೆಗರ್, ನಿಂಬೆ, ಹುಣಸೆ. ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುವ ಟಾಯ್ಲೆಟ್ ಕ್ಲೀನರ್. ಬಾತ್‌ರೂಮಿನ ಟೈಲ್ ತೊಳೆಯಲು ಬಾಟಲಿಯಲ್ಲಿ ಸಿಗುವ "ಆಸಿಡ್". ನಲ್ಲಿಯ ಬಿಳಿ ಪದರ ತೆಗೆಯುವ ದ್ರವ. ಬಟ್ಟೆ ಒಗೆಯುವ ಪುಡಿ, ವಾಷಿಂಗ್ ಸೋಡ, ಬ್ಲೀಚಿಂಗ್ ಪೌಡರ್. ಪಾತ್ರೆ ಉಜ್ಜುವ ಒರಟು ಪುಡಿ ಮತ್ತು ಸ್ಟೀಲ್ ಸ್ಕ್ರಬರ್. ಮೊಬೈಲಿನ ವಿಡಿಯೋಗಳಲ್ಲಿ ವಿನೆಗರ್‌ಗೆ ಅಡುಗೆಸೋಡ ಬೆರೆಸಿ ನೊರೆ ಬರಿಸಿ "ನೈಸರ್ಗಿಕ ಉಪಾಯ" ಎಂದು ತೋರಿಸುವುದುಂಟು. ಅವೆರಡೂ ಒಂದರ ಗುಣವನ್ನು ಇನ್ನೊಂದು ಕೆಡಿಸಿ ಬರೀ ಉಪ್ಪುನೀರಾಗುತ್ತವೆ. ವಿನೆಗರ್ ಹೆಚ್ಚಾಗಿ ಉಳಿದರೆ ಕಲ್ಲು ಹಾಳಾಗುತ್ತದೆ. ನೈಸರ್ಗಿಕವಾದುದೆಲ್ಲ ಸೌಮ್ಯ ಎಂಬ ನಂಬಿಕೆಗೆ ಮಾರ್ಬಲ್‌ನಷ್ಟು ಬಲಿಯಾದ ವಸ್ತು ಮನೆಯಲ್ಲಿ ಇನ್ನೊಂದಿರಲಾರದು.

ಇಲ್ಲಿಯೇ ಒಂದು ಗಂಭೀರ ಎಚ್ಚರಿಕೆ. ಆಮ್ಲವಿರುವ ಟಾಯ್ಲೆಟ್ ಕ್ಲೀನರನ್ನೂ ಬ್ಲೀಚನ್ನೂ ಎಂದಿಗೂ ಒಟ್ಟಿಗೆ, ಅಥವಾ ಒಂದರ ಬೆನ್ನಿಗೆ ಇನ್ನೊಂದನ್ನು, ಬಳಸಬೇಡಿ. ಹೊರಬರುವುದು ವಿಷಕಾರಿ ಕ್ಲೋರಿನ್ ಅನಿಲ. ಕೈಚಾಚಿದರೆ ಎರಡೂ ಗೋಡೆ ಸಿಗುವ ನಮ್ಮ ಬಾತ್‌ರೂಮುಗಳಲ್ಲಿ ಅದು ಪ್ರಾಣಕ್ಕೇ ಕುತ್ತು.

3. ದಿನನಿತ್ಯದ ಗುಡಿಸುವಿಕೆ ಮತ್ತು ಒರೆಸುವಿಕೆ

ಒಣ ಕೆಲಸ ಮೊದಲು, ಹಸಿ ಕೆಲಸ ಆಮೇಲೆ. ಧೂಳು, ಮರಳು ಪೂರ್ತಿ ಹೋಗುವವರೆಗೆ ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಆ ಕಣಗಳು ಬಟ್ಟೆಗೆ ಅಂಟಿ ಮರಳುಕಾಗದದಂತೆ ಕೆಲಸ ಮಾಡುತ್ತವೆ. ತೆಂಗಿನಗರಿಯ ಹಿಡಿಸೂಡಿ ಅಂಗಳಕ್ಕೆ ಸರಿ, ಪಾಲಿಶ್ ಮಾಡಿದ ನೆಲಕ್ಕೆ ಬೇಡ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇಡಿ. ಹಬ್ಬದ ರಂಗೋಲಿಯನ್ನು ಅಳಿಸುವಾಗಲೂ ಇದೇ ಕ್ರಮ: ರಂಗೋಲಿ ಪುಡಿ ಕಲ್ಲಿನ ಪುಡಿಯೇ ಆಗಿರುವುದರಿಂದ ಮೆಲ್ಲಗೆ ಬಾಚಿ ಎತ್ತಬೇಕು, ಕಾಲಿನಿಂದ ಒರೆಸಿಬಿಡಬಾರದು.

ಅರ್ಧ ಬಕೆಟ್ ನೀರಿಗೆ ಒಂದು ಚಮಚದಷ್ಟು ತಟಸ್ಥ ಸಾಬೂನು ಹಾಕಿ, ಬಟ್ಟೆಯನ್ನು ನೀರು ತೊಟ್ಟಿಕ್ಕದಂತೆ ಹಿಂಡಿ ಒರೆಸಿ. ಎರಡನೆಯ ಬಕೆಟ್ಟಿನ ಬರೀ ನೀರಿನಿಂದ ಇನ್ನೊಮ್ಮೆ ಒರೆಸಿ, ಒಣಬಟ್ಟೆಯಿಂದ ಒಣಗಿಸಿ. ಪ್ರತಿ ಕೋಣೆಗೆ ನೀರು ಬದಲಾಯಿಸಿ. ನೆಲ ಒರೆಸಿದ ಮೇಲೂ ಹೆಜ್ಜೆಗುರುತು ಮೂಡುತ್ತಿದ್ದರೆ, ಬೆಳಕಿಗೆ ಹಿಡಿದಾಗ ಎಣ್ಣೆಯಂಥ ಪೊರೆ ಕಾಣುತ್ತಿದ್ದರೆ, ಅದು ಕೊಳೆಯಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹಾಕಿದ ಸಾಬೂನು ಅಥವಾ ಫಿನೈಲ್ ಕಲ್ಲಿನ ಮೇಲೆ ಉಳಿದಿರುವುದು. ಕೆಲವು ದಿನ ಬರೀ ಉಗುರುಬೆಚ್ಚನೆಯ ನೀರಿನಲ್ಲಿ ಒರೆಸಿದರೆ ತಾನಾಗಿ ಹೋಗುತ್ತದೆ.

ಮನೆಗೆಲಸಕ್ಕೆ ಬರುವವರಿಗೆ ಇದನ್ನೆಲ್ಲ ವಿವರಿಸಿ ಹೇಳಿ, ಆದರೆ ಹೇಳುವುದಕ್ಕಿಂತ ವ್ಯವಸ್ಥೆ ಮುಖ್ಯ. ಅವರು ನಾಲ್ಕಾರು ಮನೆಗಳಲ್ಲಿ ದುಡಿಯುವವರು, ಒಂದು ಮನೆಯಲ್ಲಿ ಟೈಲ್, ಇನ್ನೊಂದರಲ್ಲಿ ಮಾರ್ಬಲ್. ಸಂಡಾಸಿನ ಬಾಟಲಿಯನ್ನು ಸಂಡಾಸಿನಲ್ಲೇ, ನೆಲದ ಬಾಟಲಿಯನ್ನು ನೆಲ ಒರೆಸುವ ಬಟ್ಟೆಯ ಜೊತೆಗೇ ಇಟ್ಟರೆ ಅರ್ಧ ಅನಾಹುತ ತಪ್ಪುತ್ತದೆ.

4. ಏನಾದರೂ ಚೆಲ್ಲಿದಾಗ

ಒತ್ತಿ ಹೀರಿಸಿ, ಎಳೆದು ಒರೆಸಬೇಡಿ. ಎಳೆದರೆ ಅಂಗೈಯಗಲದ ಕಲೆ ಮಾರುದ್ದವಾಗುತ್ತದೆ. ಹೀರಿಸಿದ ಮೇಲೆ ನೀರು ಹಾಕಿ ಮತ್ತೆ ಹೀರಿಸಿ, ಒಣಗಿಸಿ. ನಿಂಬೆ ಶರಬತ್ತು, ಪುನರ್ಪುಳಿ ಸಾರು, ಸೋಲ್‌ಕಢಿ, ಮಜ್ಜಿಗೆ, ಟೊಮೇಟೊ ಚಟ್ನಿ, ತಂಪು ಪಾನೀಯ, ಇವು ಚೆಲ್ಲಿದಾಗ ತಡಮಾಡುವಂತಿಲ್ಲ. ಎಣ್ಣೆಗೂ ಚಹಾಕ್ಕೂ ಸ್ವಲ್ಪ ಸಮಯಾವಕಾಶವಿರುತ್ತದೆ, ಹುಳಿಗೆ ಇಲ್ಲ.

5. ಗುರುತು ಉಳಿದಿದ್ದರೆ: ಪರೀಕ್ಷೆ, ಆಮೇಲೆ ಚಿಕಿತ್ಸೆ

ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ನೆಲದ ಮಟ್ಟಕ್ಕೆ ಬಾಗಿ ನೋಡಿ. ಮೇಲಿನಿಂದ ಕಾಣದ, ಓರೆ ಬೆಳಕಿನಲ್ಲಿ ಮಾತ್ರ ಕಾಣುವ, ಬಣ್ಣವಿಲ್ಲದ ಮಂಕು ಗುರುತು ಆಮ್ಲದ ಗಾಯ. ಶರಬತ್ತಿನ ಲೋಟ ಇಟ್ಟಲ್ಲಿ ಅದರ ತಳದ ಬಳೆಯಾಕಾರ ಅಚ್ಚೊತ್ತಿದಂತೆ ಇರುತ್ತದೆ. ಉಗುರಿನಿಂದ ಮೆಲ್ಲಗೆ ಸವರಿದರೆ ಬಳೆಯ ಅಂಚಿನಲ್ಲಿ ನುಣುಪು ತಪ್ಪಿ ತುಸು ತರಕಲು ಸಿಗುತ್ತದೆ. ಅಲ್ಲಿ ತೆಗೆಯಲು ಏನೂ ಉಳಿದಿಲ್ಲ, ಕಲ್ಲೇ ಹೋಗಿದೆ. ಗುರುತಿಗೆ ಬಣ್ಣವಿದ್ದರೆ ಅದು ನಿಜವಾದ ಕಲೆ, ಅಂದರೆ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದ ವಸ್ತು. ಒದ್ದೆಯಂತೆ ಕಪ್ಪಾಗಿದ್ದು ಎರಡು ಮೂರು ದಿನ ಒಣಗಿದ ಮೇಲೆ ತಿಳಿಯಾದರೆ ಅದು ಬರೀ ತೇವ.

ಆಮ್ಲದ ಗಾಯ ಚಿಕ್ಕದಾಗಿದ್ದು ಕೈಗೆ ಒರಟು ತಾಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾರ್ಬಲ್ ಪಾಲಿಶಿಂಗ್ ಪುಡಿಯನ್ನು, ಅದರಲ್ಲೂ ಟಿನ್ ಆಕ್ಸೈಡ್ ಇರುವುದನ್ನು, ಒದ್ದೆ ಫೆಲ್ಟ್ ಬಟ್ಟೆಯಲ್ಲಿ ಸುತ್ತಾಗಿ ತಾಳ್ಮೆಯಿಂದ ಉಜ್ಜಿ ಹೊಳಪು ತರಿಸಬಹುದು. ಒರಟು ತಾಗುತ್ತಿದ್ದರೆ ಯಂತ್ರದ ಪಾಲಿಶ್ ಒಂದೇ ದಾರಿ.

ನಿಜವಾದ ಕಲೆಗೆ ಮದ್ದು ಲೇಪ. ಹೀರುವ ಗುಣವುಳ್ಳ ಪುಡಿಯನ್ನು ಸೂಕ್ತ ದ್ರವದಲ್ಲಿ ಕಲಸಿ ಹಚ್ಚಿದಾಗ ದ್ರವ ಕಲ್ಲಿನೊಳಗಿಳಿದು ಕಲೆಯನ್ನು ಸಡಿಲಿಸುತ್ತದೆ, ಲೇಪ ಒಣಗುತ್ತ ಬಂದಂತೆ ಕಲೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕ್ರಮ ಹೀಗಿದೆ:

ಮೊದಲು ಜಾಗವನ್ನು ಬರೀ ನೀರಿನಿಂದ ತೇವ ಮಾಡಿ. ಎಣ್ಣೆ ತುಪ್ಪದ ಕಲೆಗೆ ಅಡುಗೆಸೋಡವನ್ನು ನೀರಿನಲ್ಲಿ ಕಲಸಿ. ಚಹಾ, ಕಾಫಿ, ಎಲೆ ಅಡಿಕೆ, ಹೂವಿನ ಕಲೆಗೆ ಟಾಲ್ಕ್ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಲಸಿ. ಹದ ದೋಸೆಹಿಟ್ಟಿಗಿಂತ ಗಟ್ಟಿ, ಚಪಾತಿಹಿಟ್ಟಿಗಿಂತ ಮೆದುವಾಗಿರಬೇಕು. ಕಲೆಯ ಅಂಚಿನಿಂದ ಒಂದು ಬೆರಳಗಲ ಹೊರಗೂ ಬರುವಂತೆ, ಅರ್ಧ ಸೆಂಟಿಮೀಟರಿನಷ್ಟು ದಪ್ಪಕ್ಕೆ ಹಚ್ಚಿ. ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪು ಅಂಟಿಸಿ, ಸೂಜಿಯಲ್ಲಿ ನಾಲ್ಕಾರು ತೂತು ಮಾಡಿ, 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕಾಯಿರಿ. ಹೆಚ್ಚಿನವರು ಆತುರಪಟ್ಟು ಹಸಿಯಿರುವಾಗಲೇ ಕೆರೆದು ತೆಗೆದು "ಏನೂ ಆಗಲಿಲ್ಲ" ಎನ್ನುವುದು ಇಲ್ಲಿಯೇ. ಎಳೆಯುವ ಕೆಲಸ ನಡೆಯುವುದು ಒಣಗುವ ಹೊತ್ತಿನಲ್ಲಿ. ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ನೀರಿನಲ್ಲಿ ಒರೆಸಿ, ಒಣಗಿಸಿ. ಹಳೆಯ ಕಲೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕಾಗಬಹುದು.

ಪೆರಾಕ್ಸೈಡ್ ಬಳಸುವಾಗ ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಉಳಿದ ಲೇಪವನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅದು ಬಣ್ಣ ತೆಗೆಯುವ ಗುಣವುಳ್ಳದ್ದು, ಆದ್ದರಿಂದ ಗಾಢಬಣ್ಣದ ಮಾರ್ಬಲ್‌ಗೆ ಬೇಡ.

ಅರಿಶಿನದ ಕಲೆಯ ಸ್ವಭಾವವೇ ಬೇರೆ. ಅದರ ಮೇಲೆ ಸಾಬೂನನ್ನೋ ಸೋಡವನ್ನೋ ಹಾಕಿದೊಡನೆ ಹಳದಿ ಕೆಂಪಾಗಿ ಮನೆಯವರು ಗಾಬರಿಯಾಗುತ್ತಾರೆ. ಕ್ಷಾರ ತಾಗಿದಾಗ ಅರಿಶಿನ ಕೆಂಪಾಗುವುದು ಸಹಜ; ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಸೋಡ ಬಿಟ್ಟು ಟಾಲ್ಕ್ ಮತ್ತು ಪೆರಾಕ್ಸೈಡ್ ಲೇಪ ಹಚ್ಚಿ. ಜಾಗ ಕಿಟಕಿಯ ಪಕ್ಕದ್ದಾದರೆ ಬಿಸಿಲಿಗೂ ಬಿಡಿ, ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ.

ಕಬ್ಬಿಣದ ತುಕ್ಕು ಎಲ್ಲಕ್ಕಿಂತ ಹಟಮಾರಿ. ಗ್ಯಾಸ್ ಸಿಲಿಂಡರಿನ ಅಡಿಯ ಕಂದು ಬಳೆ, ಹೂಕುಂಡದ ಕಬ್ಬಿಣದ ಕಾಲಿನ ನಾಲ್ಕು ಚುಕ್ಕೆ, ಇವನ್ನು ನೋಡದ ಮನೆ ಕಡಿಮೆ. ಹೊಸತಾಗಿದ್ದರೆ ಒಣ ಮೆತ್ತನೆಯ ಬ್ರಷ್‌ನಿಂದ ಪುಡಿಯನ್ನು ತೆಗೆದು ತಟಸ್ಥ ಸಾಬೂನಿನಿಂದ ಒರೆಸಿ. ಒಳಗಿಳಿದಿದ್ದರೆ ಕಲ್ಲಿಗೆಂದೇ ತಯಾರಾದ, ಆಮ್ಲರಹಿತ ತುಕ್ಕುಲೇಪವನ್ನು ಪಾಲಿಶ್ ಕೆಲಸಗಾರರಿಂದ ಹಾಕಿಸಬೇಕು. ಬಟ್ಟೆಯ ತುಕ್ಕು ತೆಗೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಆಮ್ಲವೇ ಇರುವುದರಿಂದ ತುಕ್ಕಿನ ಜೊತೆಗೆ ಹೊಳಪೂ ಹೋಗುತ್ತದೆ. ಸಿಲಿಂಡರಿಗೆ ಚಕ್ರವಿರುವ ಪ್ಲಾಸ್ಟಿಕ್ ಸ್ಟ್ಯಾಂಡ್ ಹಾಕುವುದು ಇವೆಲ್ಲಕ್ಕಿಂತ ಅಗ್ಗ.

ಮೇಣ ಬಿದ್ದರೆ ಮಂಜುಗಡ್ಡೆಯಿಂದ ಗಟ್ಟಿಮಾಡಿ ಕಾರ್ಡಿನಿಂದ ಎಬ್ಬಿಸಿ. ಉಗುರುಬಣ್ಣಕ್ಕೆ ಹತ್ತಿಯಲ್ಲಿ ಸ್ವಲ್ಪ ಅಸಿಟೋನ್ ಸಾಕು. ಅದು ದ್ರಾವಕ, ಆಮ್ಲವಲ್ಲ. ಬೆಂಕಿಯಿಂದ ದೂರವಿರಲಿ.

6. ಅಡುಗೆಕಟ್ಟೆ ಮತ್ತು ದೇವರ ಮಂಟಪ

ಅಡುಗೆಕಟ್ಟೆಯ ಮೇಲೆ ನೇರವಾಗಿ ನಿಂಬೆ, ಮಾವಿನಕಾಯಿ ಹೆಚ್ಚಬೇಡಿ, ಹಲಗೆ ಇಟ್ಟುಕೊಳ್ಳಿ. ಒಗ್ಗರಣೆಯ ಎಣ್ಣೆ ಸಿಡಿದಲ್ಲಿ ಅಂದಂದೇ ಒರೆಸಿ. ಹಬ್ಬದ ಹಿಂದಿನ ದಿನ ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕುವುದು ನಮ್ಮ ಮನೆಗಳ ವಾಡಿಕೆ. ಅದನ್ನು ಮಾರ್ಬಲ್ ಕಟ್ಟೆಯ ಮೇಲೆ ಮಾಡಿದರೆ ದೀಪ ಹೊಳೆಯುತ್ತದೆ, ಕಟ್ಟೆ ಮಂಕಾಗುತ್ತದೆ. ಸ್ಟೀಲ್ ಸಿಂಕಿನಲ್ಲೋ ಪ್ಲಾಸ್ಟಿಕ್ ಟಬ್ಬಿನಲ್ಲೋ ಮಾಡಿ, ತೊಳೆದ ನೀರು ಕಲ್ಲಿನ ಮೇಲೆ ಹರಿಯದಿರಲಿ.

ಮಂಟಪದಲ್ಲಿ ದೀಪದ ಕೆಳಗೆ ಅಂಚಿರುವ ತಟ್ಟೆ ಬೇಕೇ ಬೇಕು. ಪಂಚಾಮೃತದ ಮೊಸರೂ ಹುಳಿಯೇ, ಅಭಿಷೇಕ ತಟ್ಟೆಯೊಳಗೇ ನಡೆಯಲಿ. ಕರ್ಪೂರ ಮತ್ತು ದೀಪದ ಮಸಿಗೆ ಮೊದಲು ಒಣ ಬ್ರಷ್ ಆಡಿಸಿ ಮಸಿಯನ್ನು ಉದುರಿಸಿ, ಅನಂತರವೇ ಒದ್ದೆ ಬಟ್ಟೆ. ಮೊದಲೇ ನೀರು ತಾಗಿಸಿದರೆ ಮಸಿ ಕೆತ್ತನೆಯ ಸಂದಿಗಳಿಗೆ ಇಳಿದು ಕೂರುತ್ತದೆ. ಕೆತ್ತನೆಗೆ ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಷ್ ಒಳ್ಳೆಯದು.

7. ಮಳೆಗಾಲ ಮತ್ತು ಟ್ಯಾಂಕರ್ ನೀರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲೇ ನೀರಿರುತ್ತದೆ. ತಳಮಹಡಿಯ ಮನೆಗಳಲ್ಲಿ ತಣ್ಣನೆಯ ಕಲ್ಲಿಗೆ ತೇವದ ಗಾಳಿ ತಾಗಿ ನೆಲ ಬೆವರುತ್ತದೆ. ಒಣಬಟ್ಟೆ ಮತ್ತು ಫ್ಯಾನ್ ಬಿಟ್ಟು ಬೇರೆ ಉಪಾಯವಿಲ್ಲ. ನೀರು ಹೀರಲೆಂದು ಬಾಗಿಲಲ್ಲಿ ಹಾಸುವ ಗೋಣಿಚೀಲ, ದಿನಪತ್ರಿಕೆ, ಬಣ್ಣದ ನಾರಿನ ಮ್ಯಾಟು, ಇವೆಲ್ಲ ಒದ್ದೆಯಾದಾಗ ತಮ್ಮ ಬಣ್ಣವನ್ನು ಕಲ್ಲಿಗೆ ಕೊಡುತ್ತವೆ. ಅಡಿಭಾಗದಲ್ಲಿ ರಬ್ಬರ್ ಇರುವ ಮ್ಯಾಟು ತೇವವನ್ನು ಕೆಳಗೇ ಹಿಡಿದಿಟ್ಟು ಹಳದಿ ಚೌಕ ಮೂಡಿಸುತ್ತದೆ. ಬಿಳಿಯ ಹತ್ತಿಬಟ್ಟೆಯ ಕಾಲೊರಸು ಹಾಕಿ, ದಿನವೂ ಎತ್ತಿ ಒಣಗಿಸಿ.

ಕಲ್ಲಿನ ಅಂಚಿನಲ್ಲಿ, ಸಂದಿಗಳಲ್ಲಿ ಬಿಳಿ ಪುಡಿ ಏಳುತ್ತಿದ್ದರೆ ಅದು ಕೆಳಗಿನ ಸಿಮೆಂಟಿನಿಂದ ನೀರಿನೊಡನೆ ಮೇಲೇರಿದ ಲವಣ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ತೊಳೆದರೆ ಅದು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಎಲ್ಲಿಂದಲೋ ನೀರು ಸೋರುತ್ತಿದೆ ಎಂಬುದರ ಸೂಚನೆ ಅದು, ಮೊದಲು ಪ್ಲಂಬರನ್ನು ಕರೆಸಬೇಕು. ಬಿಳಿ ಮಾರ್ಬಲ್ ಅಲ್ಲಲ್ಲಿ ಒಳಗಿನಿಂದ ಹಳದಿಗಟ್ಟುತ್ತಿದ್ದರೆ ಕಲ್ಲಿನಲ್ಲೇ ಇರುವ ಕಬ್ಬಿಣದಂಶ ತೇವಕ್ಕೆ ತುಕ್ಕು ಹಿಡಿಯುತ್ತಿರಬಹುದು. ಅದನ್ನು ಮೇಲಿನಿಂದ ತೊಳೆದು ತೆಗೆಯಲಾಗದು, ಬ್ಲೀಚ್ ಹಾಕಿದರೆ ಹೆಚ್ಚಾಗಬಹುದು.

ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಬರುವ ಕಟ್ಟಡಗಳಲ್ಲಿ ನಲ್ಲಿಯ ಬುಡದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮಾರ್ಬಲ್ ಯಾವುದರಿಂದ ಆಗಿದೆಯೋ ಅದೇ ವಸ್ತು. ಪದರವನ್ನು ಕರಗಿಸುವ ದ್ರವ ಕಲ್ಲನ್ನೂ ಕರಗಿಸುತ್ತದೆ, ಎರಡರ ನಡುವೆ ಭೇದವೆಣಿಸುವುದಿಲ್ಲ. ಒದ್ದೆ ಮಾಡಿ ಪ್ಲಾಸ್ಟಿಕ್ ಕಾರ್ಡಿನಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ರಾತ್ರಿ ಮಲಗುವ ಮುನ್ನ ನಲ್ಲಿಯ ಸುತ್ತ ಒಣಗಿಸುವ ರೂಢಿ ಮಾಡಿಕೊಳ್ಳಿ.

8. ಸೀಲರ್ ಹಾಕಬೇಕೇ?

ಸೀಲರ್ ಎಂದರೆ ಕಲ್ಲಿನ ರಂಧ್ರಗಳೊಳಗೆ ಇಳಿದು ನೀರು ಎಣ್ಣೆಗಳು ಇಂಗುವುದನ್ನು ನಿಧಾನಿಸುವ ದ್ರವ. ಅದು ಕಲೆಯನ್ನು ತಡೆಯುತ್ತದೆ, ಹುಳಿಯ ಗಾಯವನ್ನು ತಡೆಯುವುದಿಲ್ಲ. ಮಾರುವವರು ಇದನ್ನು ಬಿಡಿಸಿ ಹೇಳುವುದು ಅಪರೂಪ. ಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ ಹದಿನೈದು ನಿಮಿಷ ಬಿಟ್ಟು ಒರೆಸಿ. ಆ ಜಾಗ ಕಪ್ಪಾಗಿದ್ದರೆ ಕಲ್ಲು ನೀರು ಕುಡಿಯುತ್ತಿದೆ, ಸೀಲರ್ ಬೇಕು. ಇಲ್ಲವಾದರೆ ವರ್ಷವಾಯಿತೆಂಬ ಕಾರಣಕ್ಕೆ ಮಾತ್ರ ಹಾಕಿಸಬೇಡಿ. ಬೇಸಗೆಯಲ್ಲಿ, ಕಲ್ಲು ಎರಡು ದಿನ ಪೂರ್ತಿ ಒಣಗಿದ ಮೇಲೆ, ತೆಳುವಾಗಿ ಹಚ್ಚಿ ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಹೆಚ್ಚಾದುದನ್ನು ಒಣಗುವ ಮೊದಲೇ ಒರೆಸಿ ತೆಗೆಯಬೇಕು. ನೆಲಕ್ಕೆ ಮೇಣದ ಪಾಲಿಶ್ ಬೇಡ. ಜಾರುತ್ತದೆ, ಕ್ರಮೇಣ ಹಳದಿಯಾಗುತ್ತದೆ.

9. ಯಂತ್ರದ ಪಾಲಿಶ್ ಮಾಡಿಸುವಾಗ

ನಡೆದಾಡುವ ದಾರಿ ಮಾತ್ರ ಮಂಕಾಗಿ ಸೋಫಾದ ಅಡಿ ಹೊಳೆಯುತ್ತಿದ್ದರೆ, ಅಥವಾ ಆಮ್ಲದ ಗಾಯಗಳು ಕೈಗೆ ತಾಗುವಷ್ಟಿದ್ದರೆ ಪಾಲಿಶ್ ಅಗತ್ಯ. ಯಂತ್ರಕ್ಕೆ ಒರಟು ಕಲ್ಲಿನಿಂದ ಆರಂಭಿಸಿ ನಂಬರ್ ಏರಿಸುತ್ತ ನಯವಾದ ಕಲ್ಲುಗಳನ್ನು ಹಾಕಿ ಮೇಲ್ಮೈಯನ್ನು ತೆಳುವಾಗಿ ಸವೆಸುವುದೇ ಈ ಕೆಲಸ. ಎಷ್ಟು ನಂಬರಿನವರೆಗೆ ಹೋಗುತ್ತಾರೆ, ಬಿರುಕು ಸಂದಿಗಳನ್ನು ತುಂಬುತ್ತಾರೆಯೇ, ಕೊನೆಯಲ್ಲಿ ಯಾವ ಪುಡಿ ಬಳಸುತ್ತಾರೆ ಎಂದು ಮೊದಲೇ ಕೇಳಿ. ಆಕ್ಸಾಲಿಕ್ ಆಮ್ಲದ ಪುಡಿಯನ್ನು ಕೊನೆಯ ಹೊಳಪಿಗೆ ಬಳಸುವ ಪದ್ಧತಿ ಇದೆ. ಅದು ವಿಷ, ಕೆಲಸಗಾರರ ಕೈಯಲ್ಲಿ ಇರಲಿ, ಉಳಿದ ಪುಡಿಯನ್ನು "ಮುಂದೆ ಬೇಕಾದೀತು" ಎಂದು ಮನೆಯಲ್ಲಿ ಎತ್ತಿಡಬೇಡಿ.

ಸೊಸೈಟಿಯ ಅನುಮತಿ ಪಡೆದು, ಮಧ್ಯಾಹ್ನದ ವಿಶ್ರಾಂತಿ ವೇಳೆಯಲ್ಲಿ ಯಂತ್ರ ನಿಲ್ಲಿಸುವ ನಿಯಮವಿದೆಯೇ ಎಂದು ವಿಚಾರಿಸಿಕೊಳ್ಳಿ. ಕಪಾಟು, ಬಾಗಿಲುಗಳ ಬುಡಕ್ಕೆ ಪ್ಲಾಸ್ಟಿಕ್ ಕಟ್ಟಿಸಿ. ಸವೆದ ಕಲ್ಲಿನ ಕೆಸರು ಹಾಲಿನಂಥ ನೀರಾಗಿ ಮೋರಿಯತ್ತ ಹರಿಯುತ್ತದೆ. ಅದನ್ನು ಪೈಪಿಗೆ ಬಿಟ್ಟರೆ ಒಳಗೆ ಗಟ್ಟಿಕಟ್ಟಿ ಕೆಳಗಿನ ಮನೆಯವರ ತನಕ ತೊಂದರೆ. ಬಕೆಟ್ಟಿನಲ್ಲಿ ತುಂಬಿ, ತಳಕ್ಕೆ ಇಳಿಯಲು ಬಿಟ್ಟು, ಗಟ್ಟಿ ಭಾಗವನ್ನು ಚೀಲದಲ್ಲಿ ಕಳುಹಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಗೋಡೆಗೆ ಬಣ್ಣವನ್ನೂ ಮಾಡಿಸುವುದಿದ್ದರೆ ಪಾಲಿಶ್‌ನ ಕೊನೆಯ ಸುತ್ತನ್ನು ಬಣ್ಣದ ನಂತರಕ್ಕೆ ಇಟ್ಟುಕೊಳ್ಳಿ, ಮತ್ತು ಬಣ್ಣದವರು ಕೆಲಸ ಮುಗಿಸಿ ನೆಲ ತೊಳೆಯುವ ದಿನ ನೀವೇ ಮನೆಯಲ್ಲಿರಿ. ಹನಿಗಳನ್ನು ತೆಗೆಯಲು ಅವರು ಅಭ್ಯಾಸಬಲದಿಂದ ಆಸಿಡ್ ಬಾಟಲಿ ತರುವುದುಂಟು. ಬಣ್ಣದ ಹನಿ ನೀರಿನಲ್ಲಿ ನೆನೆಸಿ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದರೂ ಏಳುತ್ತದೆ, ಅರ್ಧ ದಿನ ಹೆಚ್ಚು ಹಿಡಿಯುತ್ತದೆ ಅಷ್ಟೆ. ಆ ಅರ್ಧ ದಿನದ ಕೂಲಿಯನ್ನು ಒಪ್ಪಂದದಲ್ಲೇ ಸೇರಿಸಿಬಿಡಿ.